ನಮ್ಮ ಹೆಸರಿನಲ್ಲಿ ಆಡಿದ ಮಾತು

ಮಸಗುಪ್ಪಿಯ ಆಚೆಗಿದ್ದ ಸಹಕಾರಿ ಸಕ್ಕರೆ ಕಾರ್ಖಾನೆಯ ಅಧ್ಯಕ್ಷ ಗೊಮ್ಮಟೇಶ ಅವರು ಮಾತಿಗೆ ನಿಂತರೆ ಪೆಂಡಾಲಿಗೆ ಪೆಂಡಾಲೇ ಕಿವಿಯಾಗುತ್ತಿತ್ತು. 2005ರ ವಾರ್ಷಿಕ ಸಭೆಯಲ್ಲೂ ಹಾಗೇ ಆಯಿತು.

"ಭೂಮಿ ಬಿಸಿ ಆಗಾಕತ್ತೈತಿ. ಇದ್ದಲಿ ಸುಡೋದು ಕಡಿಮಿ ಮಾಡೋದ್ರಾಗ ನಮ್ಮ ಕಾರ್ಖಾನಿ ಎಲ್ಲರಕಿಂತ ಮುಂದ ಇರತೈತಿ," ಎಂದರು. ಚಪ್ಪಾಳೆ ಬಿತ್ತು.

ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಿದ್ದ ಬಾಹುಬಲಿಗೆ ಮಾತ್ರ ಕೈ ಏಳಲಿಲ್ಲ. ಅವನನ್ನು ಕಾರ್ಖಾನೆಯ ಡೈರೆಕ್ಟರ್ ಮಾಡಿದ್ದೇ ಅವನು ಕಾಕಾ ಎನ್ನುತ್ತಿದ್ದ ಈ ಗೊಮ್ಮಟೇಶ ಅವರು. ಹದಿನೈದು ದಿನದ ಹಿಂದೆ ಬೆಂಗಳೂರಿಗೂ ಜೊತೆಗೆ ಕರೆದೊಯ್ದಿದ್ದರು. ಕಲ್ಲಿದ್ದಲು ಸುಡುವ ಕಾರ್ಖಾನೆಗಳು ಬಾಯ್ಲರ್ ಬದಲಿಸಬೇಕೆಂಬ ನಿಯಮ ತರಲು ಸರ್ಕಾರ ಹೊರಟಿತ್ತು. ಅಲ್ಲಿ ಒಬ್ಬ ಅಧಿಕಾರಿಯ ಮುಂದೆ ಇದೇ ಕಾಕಾ, "ಇದನ್ನ ಐದು ವರ್ಷ ಮುಂದ ಹಾಕ್ರಿ, ನಮ್ಮ ಸದಸ್ಯರೆಲ್ಲ ಒಪ್ಯಾರ್ರಿ," ಎಂದಿದ್ದರು. ಯಾವ ಸದಸ್ಯನನ್ನೂ ಯಾರೂ ಕೇಳಿರಲಿಲ್ಲ.

ಬಾಹುಬಲಿ ಎದ್ದ. ಮೈಕಿಗೆ ಬಾಯಿಟ್ಟು, ಬೆಂಗಳೂರಿನಲ್ಲಿ ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದ. ಕಾಕಾನ ಮುಖ ಕೆಂಪಾಯಿತು.

"ಖರೆ ಹೇಳತೇನಿ," ಎಂದರು ಅವರು. "ಬಾಯ್ಲರ್ ಬದಲಿ ಮಾಡೋ ಖರ್ಚಿಗೆ ಎರಡು ವರ್ಷ ನಿಮ್ಮ ಕಬ್ಬಿನ ದರ ಇಳಿತೈತಿ. ನಿಮ್ಮ ಸಲುವಾಗೇ ಹಂಗಂದೆ."

ತುಕ್ಕಾನಟ್ಟಿಯ ಮುದಕವ್ವ ಹೆಂಗಸರ ಸಾಲಿನಿಂದ ಎದ್ದಳು. ಗಂಡ ತೀರಿದ ಮೇಲೆ ಕಾರ್ಖಾನೆಯ ಶೇರು ಅವಳ ಹೆಸರಿಗೆ ಬಂದಿತ್ತು. ಸಭೆಯಲ್ಲಿ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

"ನಮ್ಮ ಸಲುವಾಗಿ ಅಂದ್ರಿ, ಚಲೋ ಆತು. ನಮ್ಮನ್ನ ಕೇಳಿದ್ರೇನ್ರಿ, ಸಾಹೇಬ್ರ? ದರ ಇಳಿಯೋದು ಬ್ಯಾಡ ಅಂತ ನಾನೂ ಅಂತಿದ್ದೆ ಏನೋ. ಆದ್ರ ಅದನ್ನ ನಾನ ಅನಬೇಕಾಗಿತ್ತು." ಆಕೆ ಜನರ ಕಡೆ ತಿರುಗಿದಳು. "ಕೇಳಿ ಮಾತಾಡಬೇಕಾಗಿತ್ತು ಅನ್ನೋರು ಏಳ್ರಿ."

ಮೊದಲು ಹೆಂಗಸರು ಎದ್ದರು. ಆಮೇಲೆ ಹಿಂದಿನ ಸಾಲಿನಲ್ಲಿ ಟವೆಲ್ ಕೊಡವಿಕೊಂಡು ಒಬ್ಬೊಬ್ಬರೇ. ನೋಡನೋಡುತ್ತ ಹೊಲದಲ್ಲಿ ಕಬ್ಬು ಎದ್ದು ನಿಂತಂತೆ ಪೆಂಡಾಲೇ ಎದ್ದಿತು. ಕೂಗಿಲ್ಲ, ಬೈಗುಳವಿಲ್ಲ. ಇಷ್ಟು ಜನ ಇಷ್ಟು ಸುಮ್ಮನೆ ನಿಂತದ್ದನ್ನು ಬಾಹುಬಲಿ ಬದುಕಿನಲ್ಲಿ ಕಂಡಿರಲಿಲ್ಲ.

ಕಾಕಾ ಸಭೆ ಮುಗಿಸಿ ಹೊರಟೇಬಿಡುತ್ತಾರೆ ಎಂದುಕೊಂಡ. ಅವರು ಹೋಗಲಿಲ್ಲ. ಜನರನ್ನೇ ನೋಡುತ್ತ ನಿಂತವರು ಜೇಬಿನಿಂದ ಮೊಬೈಲ್ ತೆಗೆದು, ಆ ಅಧಿಕಾರಿಗೆ ಮೈಕಿನ ಮುಂದೆಯೇ ಫೋನು ಹಚ್ಚಿದರು.

"ನಾನು ಗೊಮ್ಮಟೇಶ ಮಾತಾಡಾಕತ್ತೇನ್ರಿ. ಅವತ್ತ ಸದಸ್ಯರೆಲ್ಲ ಒಪ್ಯಾರ ಅಂದಿದ್ದೆ. ಅದು ಸುಳ್ಳು. ಅವರನ್ನ ಈಗ ಕೇಳಾಕತ್ತೇನಿ. ಅವರು ಏನಂತಾರೋ ಅದನ್ನ ನಾಳೆ ಹೇಳತೇನ್ರಿ."

ಬಾಹುಬಲಿ ಚಿಕ್ಕಂದಿನಿಂದ ಹೆದರುತ್ತ ಬಂದಿದ್ದ ಕಾಕಾ, ಗೋಕಾಕದಿಂದ ಹುಕ್ಕೇರಿವರೆಗೆ ಯಾರಿಗೂ ತಲೆಬಾಗದ ಮನುಷ್ಯ, ಅಷ್ಟು ಮಂದಿಯ ಎದುರು 'ಸುಳ್ಳು' ಎಂಬ ಮಾತನ್ನು ತಮ್ಮ ಬಾಯಿಂದಲೇ ಆಡಿದ್ದರು. ಬಾಹುಬಲಿಗೆ ಕಣ್ಣು ತುಂಬಿ ಬಂತು.

ಚರ್ಚೆ ಸಂಜೆಯವರೆಗೂ ನಡೆಯಿತು. ಜಗಳಗಳೂ ಆದವು. ಮುದಕವ್ವ ಕೊನೆಗೆ ಬಾಯ್ಲರ್ ಬದಲಿಸುವ ಪರವಾಗಿಯೇ ಕೈ ಎತ್ತಿದಳು, ಅವಳ ಮೈದುನ ವಿರುದ್ಧ ಎತ್ತಿದ. ಕೆಲವೇ ಮತಗಳ ಅಂತರದಲ್ಲಿ ಬದಲಿಸುವವರ ಕೈ ಮೇಲಾಯಿತು. ಸರ್ಕಾರದ ಮುಂದೆ ಕಾರ್ಖಾನೆ ಏನು ಮಾತಾಡಿದರೂ ಮೊದಲು ಸದಸ್ಯರಿಗೆ ತಿಳಿಸಬೇಕೆಂದೂ ಠರಾವಾಯಿತು.

ಜನ ಚದುರುವಾಗ ಕಾಕಾ ಬಾಹುಬಲಿಯ ಹತ್ತಿರ ಬಂದರು.

"ಮೊದಲ ನನಗ ಹೇಳಬಾರದಾಗಿತ್ತೇನೋ?"

"ಹೇಳಿದ್ರ ಕೇಳತಿದ್ರೇನ್ರಿ, ಕಾಕಾ?"

"ಇಲ್ಲ," ಎಂದರು ಕಾಕಾ.