ಅಮ್ಮನ ಗಂಧೋದಕ

ಬಸ್ಸಿನ ಗಾಜಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಆದಿರಾಜಯ್ಯನಿಗೆ ಅವನದೇ ಹಣೆ, ನಡುವೆ ಒಣಗಿದ ಬಿಳಿ ಕಲೆ, ಒರೆಸಿಕೊಳ್ಳಬೇಕು, ಕೈ ಬಿಡುವಿಲ್ಲ, ತೊಡೆಯ ಮೇಲೆ ಪಂಚೆಯಲ್ಲಿ ಸುತ್ತಿದ ಪ್ಲಾಸ್ಟರಿನ ಗ್ರೀಕ್ ಯುವಕ — ಯುವಕ ಎಲ್ಲಿ ಬಂದ, ಈಗ ಬರೀ ಬಿಳಿ ಕೊರಡು — ಚನ್ನರಾಯಪಟ್ಟಣ ದಾಟಿತು, ಇನ್ನೇನು ಹಾಸನ, ಮೇಷ್ಟ್ರು ಬರಲಿ ಎಂದು ಹುಡುಗರು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿರುತ್ತಾರೆ, ಇವತ್ತೇ ಪರೀಕ್ಷೆ, ಈ ಪ್ಲಾಸ್ಟರ್ ಬೊಂಬೆ ನೋಡಿಯೇ ಚಿತ್ರ ಬರೆಯಬೇಕು, ಏನು ನೋಡಿ ಬರೆಯುತ್ತಾರೆ, ಮೂಗಿಲ್ಲ, ತುಟಿಯಿಲ್ಲ. ಸ್ಕೂಲಿಗೆ ಸುಣ್ಣ ಹೊಡೆಸುತ್ತೇವೆ, ರಜೆ ಮುಗಿಯುವ ತನಕ ನಿಮ್ಮ ಮನೆಯಲ್ಲಿ ಜೋಪಾನ ಮಾಡಿ, ಇರುವುದು ಇದೊಂದೇ, ಯುದ್ಧ ಮುಗಿಯದೆ ಸೀಮೆಯಿಂದ ಹಡಗಿನಲ್ಲಿ ಇನ್ನೊಂದು ಬರುವುದಿಲ್ಲ, ಇದು ಹೋದರೆ ನಿಮ್ಮ ಕೆಲಸವೂ ಹೋಯಿತು ಅಂತ ತಿಳಿಯಿರಿ, ಹೆಡ್‌ಮಾಸ್ಟರು ನಗುತ್ತಲೇ ಅಂದಿದ್ದರು. ಕೈ ಇಳಿಬಿಟ್ಟು ನೆಟ್ಟಗೆ ನಿಂತ ಬತ್ತಲೆ ಗಂಡಸು, ತಲೆ ತುಂಬ ಗುಂಗುರು ಕೂದಲು, ಥೇಟ್ ಬೆಟ್ಟದ ಗೊಮ್ಮಟಸ್ವಾಮಿ, ಇಂಥದ್ದನ್ನು ಬೆಳ್ಗೊಳದ ಜೈನರ ಮನೆಗೆ ತಂದಿಟ್ಟನಲ್ಲ, ಕಣ್ಣು ಮಂಜಾದ ಅಮ್ಮ ಸವರಿ ನೋಡಿ ಯಾರಪ್ಪಾ ಇದು ಅಂದಾಗ, ಯಾರೂ ಕೈ ಹಾಕದಿರಲಿ ಅಂತ, ದೇವ್ರು ಕಣಮ್ಮ, ಮುಟ್ಟಬ್ಯಾಡ ಅಂದುಬಿಟ್ಟ. ಕೋಣೆಯ ಮೂಲೆಯಲ್ಲಿಟ್ಟು ಬಟ್ಟೆ ಮುಚ್ಚಿದ, ಅಷ್ಟೇ, ಒಂದು ಸಲವಾದರೂ ಎತ್ತಿ ನೋಡಬಾರದಿತ್ತೇ — ಇವತ್ತು ಬೆಳಿಗ್ಗೆ ಬಟ್ಟೆ ಎತ್ತಿದರೆ ಮುಖವೇ ಇಲ್ಲ, ಕಾಲ ಬುಡದಲ್ಲಿ ಸುಣ್ಣದಂಥ ಕೆಸರು, ಹಾಲಿನ ಹುಳಿ ವಾಸನೆ. ಮುಟ್ಟಬ್ಯಾಡ ಅಂದಿರ್ಲಿಲ್ವೇನಮ್ಮ ಅಂದರೆ, ಮಡೀಲೇ ಮುಟ್ಟಿದ್ದು ಕಣಪ್ಪ, ದಿನಾ ಮಿಂದೇ ಹಾಲು ನೀರು ಎರೆದೆ, ಮೈ ಉಜ್ಜಿದೆ, ಈಗ ನನ್ ಕಣ್ಗೆ ಒಸಿ ಬೆಳಕು ಕಾಣ್ತದೆ. ಇದು ದೇವರಲ್ಲಮ್ಮ ಅನ್ನಬೇಕೆಂದವನು ಪಂಚೆ ತಂದು ಬೊಂಬೆಗೆ ಸುತ್ತತೊಡಗಿದ. ಹೆಡ್‌ಮಾಸ್ಟರಿಗೆ ಏನನ್ನಲಿ, ಬಸ್ಸು ಕುಲುಕಿದಾಗ ಕೈಜಾರಿ ಬಿತ್ತು ಸಾರ್ — ಬಿದ್ದದ್ದು ಒಡೆಯುತ್ತದೆ, ಕರಗುವುದಿಲ್ಲ — ಹಾಗಾದರೆ ಒಡೆದೇ ಬಿಡಲಿ, ಕಿಟಕಿಯಿಂದಾಚೆ ಕೈ ಸಡಿಲ ಬಿಟ್ಟರೆ ಮುಗಿಯಿತು, ಚೂರು ತೋರಿಸಿ ಕಾಲು ಹಿಡಿದರೆ ಕೆಲಸ ಉಳಿದೀತು, ಬಿಡು, ಈಗ ಬಿಡು, ಗಂಟು ಕಿಟಕಿಯ ತನಕ ಬಂತು, ಬೆರಳು ಬಿಚ್ಚುತ್ತಿಲ್ಲ, ಅಮ್ಮ ದಿನಾ ಅಡ್ಡಬಿದ್ದ ಬೊಂಬೆಯ ಕಾಲು ಪಂಚೆಯೊಳಗಿಂದ ಅಂಗೈಗೆ ಸಿಗುತ್ತಿದೆ. ಹಾಸನ, ಹಾಸನ, ಕಂಡಕ್ಟರು ಕೂಗುತ್ತಿದ್ದಾನೆ, ಎಲ್ಲರೂ ಇಳಿಯುತ್ತಿದ್ದಾರೆ, ಅವನು ಹಣೆ ಕೆರೆದುಕೊಂಡ, ಉಗುರಿನಲ್ಲಿ ಬಿಳಿ ಹಿಟ್ಟು. ದಿನಾ ಬೆಳಿಗ್ಗೆ ಅಮ್ಮ, ಗಂಧೋದಕ ಕಣಪ್ಪ, ಅಭಿಷೇಕದ ನೀರು, ಬಾ, ಅನ್ನುತ್ತಿದ್ದಳು, ಬಸದಿಯದಿರಬೇಕು ಅಂದುಕೊಂಡು ತಲೆಬಾಗುತ್ತಿದ್ದ, ಬೊಂಬೆಯ ಆ ಮೂಗು, ಆ ತುಟಿ ಕರಗಿ, ತೊಟ್ಟು ತೊಟ್ಟಾಗಿ ಅವನ ಹಣೆಗೇ — ತಣ್ಣನೆಯ ಬೆರಳು, ಅಮ್ಮನ ಬೆರಳು, ತುದಿಯಲ್ಲಿ ಒಂದು ಬಿಳಿ ಹನಿ.