ಮೀನಿನ ಹೊಗೆ ಉಂಡ ಹಲಗೆ

ನಾನು ಒಂದು ಹಲಗೆ. ಬರೆಯುವ ಹಲಗೆಯಲ್ಲ, ಬಾರಿಸುವ ಹಲಗೆ. ಮರದ ಬಳೆಗೆ ಎಮ್ಮೆಗರುವಿನ ತೊಗಲು ಬಿಗಿದು, ಹುಣಸೆ ಬೀಜದ ಅಂಟು ಹಾಕಿ ನನ್ನನ್ನು ಮಾಡಿದವನು ಹಾವೇರಿ ಕಡೆಯ ಕೆಂಚನಹಾಳದ ದುರ್ಗಪ್ಪ. ಮೂರು ದಿನ ನೆರಳಿನಲ್ಲಿ ಒಣಗಿಸಿದ. ನಾಲ್ಕನೆಯ ದಿನ ಜೋಳದ ಒಣಗಿದ ಎಲೆ, ರವದಿಗೆ ಬೆಂಕಿ ಹಚ್ಚಿ ನನ್ನನ್ನು ಅದರ ಮೇಲೆ ಹಿಡಿದ. ಹುಟ್ಟಿದ ಮೊದಲ ನೆನಪೇ ಅಂಜಿಕೆ.

"ಸುಡಂಗಿಲ್ಲೋ, ಕಾಸ್ತೇನಿ ಅಷ್ಟ" ಅಂದ ದುರ್ಗಪ್ಪ, ಕೂಸಿಗೆ ಹೇಳುವ ಹಾಗೆ.

ತೊಗಲಿನ ಗುಣವೇ ಹಾಗೆ. ಗಾಳಿಯಲ್ಲಿ ತುಸು ತೇವ ಇದ್ದರೂ ಕುಡಿದುಬಿಡುತ್ತದೆ, ಸಡಿಲವಾಗುತ್ತದೆ. ಆಗ ಎಷ್ಟು ಬಡಿದರೂ ಧಪ್ ಎನ್ನುತ್ತದೆ, ಹಸಿ ಗೋಡೆಯ ಹಾಗೆ. ಅದಕ್ಕೇ ಬಾರಿಸುವ ಮೊದಲು ಪ್ರತಿಸಲವೂ ಬೆಂಕಿಗೆ ಹಿಡಿಯಬೇಕು. ಕಾದ ಮೇಲೆ ನನ್ನ ದನಿ ಎರಡು ಹೊಲ ದಾಟಿ ಕೇಳುತ್ತದೆ.

ಹದಿನೆಂಟು ವರ್ಷ ದುರ್ಗಪ್ಪ ನನ್ನನ್ನು ಬಾರಿಸಿದ. ಆಮೇಲೆ ಅವನ ಕೈ ನಡುಗತೊಡಗಿತು. ಮಗನಿಗೆ ತಾಳ ತಲೆಗೆ ಹತ್ತಲಿಲ್ಲ. ತಾಳ ಇದ್ದದ್ದು ಸೊಸೆ ಫಕೀರವ್ವನ ಕೈಯಲ್ಲಿ. ಅವಳು ರೊಟ್ಟಿ ಬಡಿಯುವುದನ್ನು ಹೊರಗೆ ಕೂತು ಕೇಳುತ್ತಿದ್ದ ಮಾವ ಒಂದು ದಿನ ನನ್ನನ್ನು ಗೂಟದಿಂದ ಇಳಿಸಿ ಅವಳ ಮುಂದೆ ಇಟ್ಟ.

ಊರಿನ ಮೇಳದಲ್ಲಿ ಎಂಟು ಜನ ಗಂಡಸರು. ಯಜಮಾನ ದ್ಯಾಮಣ್ಣ. ಜರ್ಮನಿಯ ಹ್ಯಾಂಬರ್ಗ್ ಎಂಬ ಬಂದರಿನ ಊರಿಂದ ಹಬ್ಬಕ್ಕೆ ಕರೆ ಬಂದಾಗ ಎಂಟರಲ್ಲಿ ಒಬ್ಬ ಕಾಲು ಮುರಿದುಕೊಂಡಿದ್ದ. ಬೇರೆ ಯಾರೂ ಸಿಗದೆ ದ್ಯಾಮಣ್ಣ ನಮ್ಮ ಮನೆಗೆ ಬಂದ.

"ದುರ್ಗಪ್ಪನ ಸೊಸಿ, ಅಲ್ಲಿ ಚಂದಾಗಿ ಬಾರಿಸಿದೆಂದ್ರ ಮ್ಯಾಳದಾಗ ಇರು. ಹಲಗಿ ಮೆತ್ತಗಾತಂದ್ರ ಸಾಲು ಬಿಟ್ಟು ಸರದು ನಿಂದ್ರು. ಊರಿಗೆ ಬಂದು ಮತ್ತ ರೊಟ್ಟಿ ಬಡಿ" ಅಂದ.

"ಆತಳ್ರಿ" ಅಂದಳು ಫಕೀರವ್ವ. ಅವಳ ಬೆರಳು ನನ್ನ ಬಳೆಯನ್ನು ಬಿಗಿಯಾಗಿ ಹಿಡಿದಿತ್ತು.

ಉಳಿದ ಏಳೂ ಪ್ಲಾಸ್ಟಿಕ್ ಹಲಗೆಗಳು. ಅವಕ್ಕೆ ಬೆಂಕಿ ಬೇಡ, ಮಳೆಯ ಅಂಜಿಕೆಯಿಲ್ಲ. ತೊಗಲಿನವನು ನಾನೊಬ್ಬನೇ.

ವಿಮಾನದ ಹೊಟ್ಟೆಯಲ್ಲಿ ನಮ್ಮನ್ನು ಪೆಟ್ಟಿಗೆಗಳ ಕೆಳಗೆ ತುರುಕಿದರು. ಅಂಥ ಚಳಿಯನ್ನು ನಾನು ಕಂಡಿರಲಿಲ್ಲ. ನನ್ನ ತೊಗಲು ಮರಗಟ್ಟಿತು. ಇಳಿದ ಮೇಲೆ ಇನ್ನೊಂದು ಹೆದರಿಕೆ: ನೀರು. ಊರಿನ ನಡುವೆ ನಮ್ಮ ತುಂಗಭದ್ರೆಗಿಂತ ಅಗಲವಾದ ನೀರು, ಅದರ ಮೇಲೆ ಓಣಿಗಿಂತ ಉದ್ದದ ಹಡಗುಗಳು. ಒಂದು ಹಡಗು ಕೂಗಿದಾಗ ನನ್ನ ಬಳೆಯೆಲ್ಲ ನಡುಗಿತು. ತುಂತುರು ಮಳೆ ನಿಲ್ಲುತ್ತಲೇ ಇರಲಿಲ್ಲ. ಬೀದಿ ದಾಟುವುದರೊಳಗೆ ನಾನು ಸಡಿಲವಾಗಿದ್ದೆ.

ಹೋಟೆಲಿನಲ್ಲಿ ಫಕೀರವ್ವನಿಗೆ ಒಂದು ಕೋಣೆ ಬೇರೆ ಕೊಟ್ಟಿದ್ದರು. ಮಧ್ಯಾಹ್ನ ಅವಳು ಬೆರಳಿನಿಂದ ನನ್ನನ್ನು ಮೀಟಿ ನೋಡಿದಳು. ಧಪ್.

ಕೋಣೆಯಲ್ಲಿ ಬೆಂಕಿ ಹಚ್ಚಬಾರದೆಂಬುದು ಅವಳಿಗೂ ಗೊತ್ತಿತ್ತು. ಹಾಸಿಗೆ ಇದೆ, ಪರದೆ ಇದೆ. ಆದರೆ ಬಚ್ಚಲು? ನಮ್ಮೂರಲ್ಲಿ ಬಚ್ಚಲೆಂದರೆ ನೀರೊಲೆ ಇರುವ ಜಾಗ. ಹಂಡೆಯ ಕೆಳಗೆ ದಿನಾ ಬೆಂಕಿ ಉರಿಯುತ್ತದೆ, ಪಕ್ಕದಲ್ಲೇ ನೀರಿರುತ್ತದೆ. ಹಾಗಾಗಿ ಅವಳು ನಿಶ್ಚಿಂತೆಯಿಂದ ಬಚ್ಚಲಿಗೆ ಹೋದಳು. ರೊಟ್ಟಿ ಸುತ್ತಿ ತಂದಿದ್ದ ಪೇಪರನ್ನು ಬಿಳಿ ತೊಟ್ಟಿಯೊಳಗೆ ಹಾಕಿ ಕಡ್ಡಿ ಗೀರಿದಳು.

ನನಗೆ ಹಿತವಾಗಿ ಶಾಖ ಹತ್ತುತ್ತಿತ್ತು. ಅಷ್ಟರಲ್ಲಿ ಛಾವಣಿ ಚೀರಿತು.

ಅದು ಏನೆಂದು ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಚೀರಾಟ ನಿಲ್ಲಲೇ ಇಲ್ಲ. ಹೊರಗೆ ಜನ ಓಡುವ ಸದ್ದು. ಯಾರೋ ಬಾಗಿಲು ಬಡಿದರು. ಫಕೀರವ್ವ ನನ್ನನ್ನು ತೊಟ್ಟಿಗೆ ಆನಿಸಿ ಬರಿಗಾಲಲ್ಲಿ ಓಡಿದಳು. ಉರಿಯುವ ಪೇಪರಿನ ಪಕ್ಕ ನಾನೊಬ್ಬನೇ. ಸುಟ್ಟುಹೋಗುತ್ತೇನೆ ಅಂದುಕೊಂಡೆ. ಶಿರಸ್ತ್ರಾಣ ಹಾಕಿದ ಎತ್ತರದ ಆಳೊಬ್ಬ ಒಳಗೆ ನುಗ್ಗಿದ. ಬೆಂಕಿಯ ಮೇಲೆ ನೀರು ಬಿಟ್ಟ, ನನ್ನ ಮೇಲೂ ಬಿಟ್ಟ. ತೊಗಲಿಗೆ ಸುಡುವುದಕ್ಕಿಂತ ನೆನೆಯುವುದೇ ದೊಡ್ಡ ಭಯ ಎಂದು ಆಗ ಗೊತ್ತಾಯಿತು.

ಸಂಜೆ ಎಲ್ಲರೂ ಅವಳ ಕೋಣೆಯಲ್ಲಿ ಸೇರಿದರು. ನಮ್ಮ ಮಾತನ್ನು ಅಲ್ಲಿಯವರಿಗೆ ತಿಳಿಸಲು ಹುಬ್ಬಳ್ಳಿಯ ವಾದಿರಾಜ ಎಂಬವರು ಜೊತೆಗಿದ್ದರು. ಅಲ್ಲೇ ಕೆಲಸದಲ್ಲಿರುವವರು.

"ಬಚ್ಚಲದಾಗ ಯಾಕ ಬೆಂಕಿ ಹಚ್ಚಿದ್ರಿ ಅಕ್ಕಾರ?" ಕೇಳಿದರು ಅವರು.

"ಮತ್ತೆಲ್ಲಿ ಹಚ್ಚಬೇಕ್ರಿ? ಪಡಸಾಲ್ಯಾಗ ಹಚ್ಚಲೇನು?"

ಗಂಡಸರು ನಕ್ಕರು. ದ್ಯಾಮಣ್ಣ ನಗಲಿಲ್ಲ.

"ಇನ್ನೊಮ್ಮೆ ಬೆಂಕಿ ಹಚ್ಚಿದ್ರ ಕಾರ್ಯಕ್ರಮ ರದ್ದು, ಎಂಟೂ ಮಂದಿನ್ನ ವಾಪಸ್ ಕಳಸ್ತೀವಿ ಅಂತ ಹಬ್ಬದವ್ರು ಅಂದಾರ" ಅಂದರು ವಾದಿರಾಜ.

ದ್ಯಾಮಣ್ಣ ನನ್ನನ್ನು ಎತ್ತಿ ಅಲುಗಾಡಿಸಿದ. ನೀರು ತೊಟ್ಟಿಕ್ಕಿತು. "ದುರ್ಗಪ್ಪನ ಸೊಸಿ, ನಾಳೆ ನೀ ಹಿಂದ ನಿಂತು ಚಪ್ಪಾಳಿ ತಟ್ಟು" ಅಂದು ಹೋದ.

ಅವಳು ಅಳಲಿಲ್ಲ. ಸೀರೆಯ ಸೆರಗಿನಿಂದ ನನ್ನನ್ನು ಒತ್ತಿ ಒತ್ತಿ ಒರೆಸಿದಳು. ಬೆಳಗಾಗುವ ಹೊತ್ತಿಗೆ ನೀರು ಆರಿತ್ತು, ಆದರೆ ತೊಗಲು ಹಪ್ಪಳದ ಹಿಟ್ಟಿನಷ್ಟು ಮೆತ್ತಗಿತ್ತು.

ಬೆಳಿಗ್ಗೆ ಬಂದರಿನ ದಂಡೆಯಲ್ಲಿ ಸಾಲು ಅಂಗಡಿಗಳು, ನಡುವೆ ವೇದಿಕೆ. ಏಳು ಪ್ಲಾಸ್ಟಿಕ್ ಹಲಗೆಗಳು ಠಣಠಣ ಎಂದು ತಯಾರಾಗಿದ್ದವು. ನಮ್ಮ ಸರದಿಗೆ ಅರ್ಧ ಗಂಟೆ ಇತ್ತು. ಫಕೀರವ್ವ ಮೂಗು ಮೇಲೆ ಮಾಡಿ ಗಾಳಿ ಮೂಸಿದಳು. ಹೊಗೆ. ಯಾರಿಗೂ ಹೇಳದೆ ಆ ದಿಕ್ಕಿಗೆ ನಡೆದಳು. ಅಂಗಡಿಯೊಂದರಲ್ಲಿ ದಪ್ಪ ಹೆಂಗಸೊಬ್ಬಳು ಕೆಂಡದ ಮೇಲೆ ಮೀನುಗಳನ್ನು ಸಾಲಾಗಿ ತೂಗುಹಾಕಿ ಹೊಗೆಯಲ್ಲಿ ಬೇಯಿಸುತ್ತಿದ್ದಳು.

ಫಕೀರವ್ವ ನನ್ನನ್ನು ಅವಳ ಮುಂದೆ ಹಿಡಿದು ಬಡಿದಳು. ಧಪ್. ಆಮೇಲೆ ಕೆಂಡ ತೋರಿಸಿದಳು. "ಯವ್ವಾ, ಒಂದೀಟು ಕಾಸ್ಕೋತೇನಿ."

ಆ ಹೆಂಗಸು ನನ್ನನ್ನು ನೋಡಿದಳು, ಇವಳನ್ನು ನೋಡಿದಳು. ನಾಲ್ಕು ಮೀನುಗಳನ್ನು ಪಕ್ಕಕ್ಕೆ ಸರಿಸಿದಳು.

ಅಷ್ಟರಲ್ಲಿ ದ್ಯಾಮಣ್ಣ ಏದುಸಿರು ಬಿಡುತ್ತ ಬಂದ. "ಏ, ಮತ್ತ ಬೆಂಕಿ? ನಮ್ಮನ್ನೆಲ್ಲಾ ಊರಿಗೆ ಅಟ್ಟಸ್ತೀ ಏನು?"

"ನಾ ಎಲ್ಲಿ ಹಚ್ಚೇನಿ? ಹಚ್ಚಿದಾಕಿ ಅಕಿ. ನಾ ಬರೇ ಹಿಡದೇನಿ."

ದ್ಯಾಮಣ್ಣ ವೇದಿಕೆಯ ಕಡೆ ತಿರುಗಿ ನಡೆದ.

ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ನೆನೆದ ತೊಗಲನ್ನು ಹೀಗೆ ಅವಸರದಲ್ಲಿ ಕಾಯಿಸಬಾರದು. ದುರ್ಗಪ್ಪನಾಗಿದ್ದರೆ ಎರಡು ದಿನ ಬಿಡುತ್ತಿದ್ದ. ಒಳಗೆಲ್ಲೋ ಒಂದು ಎಳೆ ಟಿಕ್ ಎಂದಿತು. ಫಕೀರವ್ವನಿಗೂ ಅದು ಕೇಳಿಸಿರಬೇಕು. ಅವಳ ಕೈ ಒಂದು ಗಳಿಗೆ ನಿಂತು, ಮತ್ತೆ ನನ್ನನ್ನು ಕೆಂಡದ ಮೇಲೆ ತಿರುಗಿಸತೊಡಗಿತು.

ವೇದಿಕೆಯಲ್ಲಿ ಅವಳು ಸಾಲಿನಲ್ಲೇ ನಿಂತಳು. ದ್ಯಾಮಣ್ಣ ತಡೆಯಲಿಲ್ಲ. ಮೊದಲ ಏಟಿಗೆ ನನ್ನ ದನಿ ನೀರಿನ ಮೇಲೆ ಹೋಗಿ ಆಚೆಯ ಹಡಗಿಗೆ ತಾಗಿ ತಿರುಗಿ ಬಂತು. ಏಳು ಹಲಗೆಗಳ ನಡುವೆ ನಾನು ಬೇರೆಯಾಗಿ ಕೇಳುತ್ತಿದ್ದೆ. ಪ್ರತಿ ಏಟಿಗೂ ಆ ಎಳೆ ಇನ್ನಷ್ಟು ಬಿಡುತ್ತಿತ್ತು. ಈಗ ಹರಿದೇನು, ಈಗ ಹರಿದೇನು ಎಂದು ನಡುಗುತ್ತಲೇ ಇದ್ದೆ. ಜನ ಕೇಳಿದ್ದು ಆ ನಡುಕವನ್ನೇ ಇರಬಹುದು. ಮುಕ್ತಾಯದ ಏಟಿಗೆ ನಾನು ಬಳೆಯಿಂದ ನಡುವಿನವರೆಗೆ ಸೀಳಿಹೋದೆ.

ದ್ಯಾಮಣ್ಣ ನನ್ನನ್ನು ಕೈಗೆ ತೆಗೆದುಕೊಂಡು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. "ಬರೋ ಹಬ್ಬಕ್ಕ ಹೊಸಾದು ತಗೋಬೇಕಾತು, ಫಕೀರವ್ವ" ಅಂದ. ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಈಗ ನಾನು ಕೆಂಚನಹಾಳದ ಮನೆಯಲ್ಲಿ, ಬಚ್ಚಲ ಪಕ್ಕದ ಗೂಟದಲ್ಲಿದ್ದೇನೆ. ಮೀನಿನ ವಾಸನೆ ಇನ್ನೂ ಹೋಗಿಲ್ಲ. ಓಣಿಯ ಬೆಕ್ಕುಗಳು ದಿನಾ ಬಂದು ಕತ್ತೆತ್ತಿ ನನ್ನನ್ನೇ ನೋಡುತ್ತ ಕೂರುತ್ತವೆ. ದುರ್ಗಪ್ಪ ಕೋಲಿನಿಂದ ಅವನ್ನು ಓಡಿಸುತ್ತಾನೆ.

ನನ್ನಂಥ ತೊಗಲು ಹದ ಮಾಡುವವರು ಈಗ ಸಿಗುವುದಿಲ್ಲ. ಫಕೀರವ್ವನ ಹೊಸ ಹಲಗೆಯೂ ಪ್ಲಾಸ್ಟಿಕ್ಕಿನದೇ. ಬೆಂಕಿಗೆ ಹಿಡಿದರೆ ಕರಗಿಹೋದೀತು. ಆದರೂ ಮೇಳಕ್ಕೆ ಹೊರಡುವ ಮೊದಲು ಅವಳು ನೀರೊಲೆಯ ಮುಂದೆ ಕೂರುತ್ತಾಳೆ. ಹೊಸದನ್ನು ದೂರ ಇಟ್ಟು, ಬರಿಗೈ ಎರಡನ್ನೂ ಉರಿಯ ಮೇಲೆ ಚಾಚುತ್ತಾಳೆ. ನಡುವೆ ನನ್ನಷ್ಟೇ ಅಗಲ ಜಾಗ ಬಿಟ್ಟು, ಮೆಲ್ಲಗೆ ಕೈ ತಿರುಗಿಸುತ್ತಾಳೆ.

ಗೂಟದ ಮೇಲೆ ನನಗೆ ಶಾಖ ಹತ್ತುತ್ತದೆ. ಈಗ ಅಂಜಿಕೆಯಾಗುವುದಿಲ್ಲ.