ವಾರ್ಡಿನ ಗಾಳಿಯ ಪಾಲುದಾರ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂದಲು ನರೆಯುವವರೆಗೆ ಕೂತೆದ್ದ ಆ ಮನುಷ್ಯನಿಗೆ ನೆಂಟರೆಲ್ಲ ಸೇರಿ ಇಟ್ಟ ಹೆಸರು ‘ನೋಡೋಣ ಮಾವ’. ಯಾರು ಏನೇ ಕೇಳಲಿ, ಕನ್ನಡಕವನ್ನು ಹಣೆಗೇರಿಸಿ “ನೋಡೋಣ” ಅನ್ನುವುದು ಅವರ ಜಾಯಮಾನ. ಚೊಚ್ಚಲ ಹೆರಿಗೆ ನೋವು ಬಂದಾಗ ಹೆಂಡತಿ ಅಲುಗಾಡಿಸಿ ಎಬ್ಬಿಸಿದರೆ, ನಿದ್ದೆಗಣ್ಣಲ್ಲೇ “ನೋಡೋಣ” ಅಂದು ಮಗ್ಗುಲು ಬದಲಿಸಿದ್ದರಂತೆ. ಮನೆಗೆ ಯಾರು ಬಂದರೂ ಅತ್ತೆ ಇದನ್ನು ಹೇಳದೆ ಕಳಿಸುತ್ತಿರಲಿಲ್ಲ. ಮಾವ ಅಲ್ಲೇ ಕೂತು, ಬೇರೆ ಯಾರದೋ ಕಥೆ ಕೇಳುವವರ ಹಾಗೆ ಕಾಫಿ ಹೀರುತ್ತಿದ್ದರು.

ಅಂಥವರು ನಿವೃತ್ತಿಯಾದ ಮೇಲೆ ಒಂದು ದಿನ, ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ, ಎದುರಿಗೆ ಬಂದು ಕೂತರು.

“ಆಸ್ಪತ್ರೆ ವಾರ್ಡಿನ ಗಾಳಿ ಸೋಸೋ ಯಂತ್ರ ಮಾಡೋ ಸಣ್ಣ ಸಣ್ಣ ಕಂಪನಿಗಳಿವೆ ಕಣೇ. ಅಂಥದ್ದರಲ್ಲಿ ಒಂದು ಪಾಲು ತಗೊಳ್ಳೋಣ ಅಂತಿದ್ದೀನಿ.”

ಅತ್ತೆಯ ಕೈ ನಿಂತಿತು. “ದುಡ್ಡನ್ನ ಗಾಳಿಗೆ ತೂರೋದು ಅಂತ ಮಾತಿಗೆ ಹೇಳ್ತಾರೆ. ಅದನ್ನ ಕಣ್ಣಾರೆ ನೋಡೋ ಭಾಗ್ಯ ಇವತ್ತು ಬಂತು ನೋಡಿ.”

“ಗಾಳಿಗಲ್ಲ, ಯಂತ್ರಕ್ಕೆ.”

“ಅಲ್ಲ ರೀ, ನಮ್ಮಣ್ಣ ಹಿಟ್ಟಿನ ಗಿರಣಿ ಹಾಕ್ತೀನಿ ಅಂದಾಗ ಅವನ ಮೂರು ತಲೆಮಾರಿನ ಜಾತಕ ಜಾಲಾಡಿದಿರಿ. ಇವರ ಮುಖ ಆದ್ರೂ ನೋಡಿದ್ದೀರಾ?”

“ಅದಕ್ಕೇ ನೋಡೋಣ ಅಂತ...” ಎಂದು ಮಾವ ಬಾಯಿ ತೆರೆದವರು, ಅತ್ತೆ ನಗುವುದು ಕಂಡು ಅಲ್ಲಿಗೇ ನಿಲ್ಲಿಸಿದರು.

ಆದರೆ ಅತ್ತೆಗೆ ಕಾರಣ ಗೊತ್ತಿತ್ತು. ಹಿಂದಿನ ವರ್ಷ ಪಿತ್ತಕೋಶದ ಕಲ್ಲಿಗೆಂದು ಅತ್ತೆಯನ್ನೇ ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ ಹೂವೆತ್ತಿದ ಹಾಗೆ ಆಗಿಹೋಯಿತು. ಇನ್ನೇನು ಮನೆಗೆ ಹೊರಡಬೇಕು ಅನ್ನುವಾಗ ಜ್ವರ, ಕೆಮ್ಮು, ಎದೆಯಲ್ಲಿ ಕಫ. ವಾರ್ಡಿನಲ್ಲೇ ಯಾರಿಂದಲೋ ಅಂಟಿಕೊಂಡಿರಬೇಕು ಎಂದು ಡಾಕ್ಟರು ಕೈಚೆಲ್ಲಿದರು. ಆ ದಿನಗಳಲ್ಲಿ ಮಾವ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ್ದು ಮುಚ್ಚಿದ ಕಿಟಕಿಗಳನ್ನು, ಮೂಲೆಯ ಹಾಸಿಗೆಯ ಕೆಮ್ಮನ್ನು, ಆ ಕೆಮ್ಮನ್ನು ಯಾರಿಗೂ ಮೋಸವಾಗದಂತೆ ಸಮನಾಗಿ ಹಂಚುತ್ತಿದ್ದ ಫ್ಯಾನನ್ನು. ಹೆಂಡತಿ ಉಸಿರಿಗೆ ಒದ್ದಾಡುವಾಗ “ನೋಡೋಣ” ಎನ್ನುವುದಕ್ಕೂ ಅವರಿಗೆ ಬಾಯಿ ಬಂದಿರಲಿಲ್ಲ.

“ಸರಿ, ಹೋಗೋಣ,” ಅಂದರು ಅತ್ತೆ. “ನಾನೂ ಬರ್ತೀನಿ. ಮೂಗು ಹಿಡ್ಕೊಂಡು ಮಲಗಿದ್ದವಳು ನಾನು ತಾನೆ.”

ಮೊದಲು ಹೋದ ಕಂಪನಿಯಲ್ಲಿ ಬಾಗಿಲೂ ಗಾಜು, ಗೋಡೆಯೂ ಗಾಜು. ಅತ್ತೆ ಗೋಡೆಯನ್ನು ಬಾಗಿಲೆಂದುಕೊಂಡು ನೂಕಿದರು. ಒಳಗೆ ಒಬ್ಬ ಯುವಕ ಪರದೆಯ ಮೇಲೆ ಚಿತ್ರ ತೋರಿಸುತ್ತಾ, ಲೋಕದಲ್ಲಿರುವ ಆಸ್ಪತ್ರೆಗಳನ್ನೆಲ್ಲ ಒಂದೇ ಉಸಿರಿಗೆ ತನ್ನ ಗಿರಾಕಿ ಮಾಡಿಕೊಂಡ. ಮಾವ ಕನ್ನಡಕವನ್ನು ಹಣೆಗೇರಿಸಿ, “ಯಂತ್ರ ಎಲ್ಲಿದೆಯಪ್ಪ?” ಎಂದು ಕೇಳಿದರು.

“ಸದ್ಯಕ್ಕೆ ವಿನ್ಯಾಸದ ಹಂತದಲ್ಲಿದೆ ಸರ್.”

“ಅದರಲ್ಲಿ ಏನೇನು ದೋಷ ಇದೆ?”

“ದೋಷವೇ ಇಲ್ಲ ಸರ್!”

“ಇಲ್ಲದೆ ಇರೋದರಲ್ಲಿ ದೋಷ ಎಲ್ಲಿಂದ ಬರಬೇಕು,” ಅಂದರು ಅತ್ತೆ, ಅವರು ಕೊಟ್ಟ ಬಿಸ್ಕತ್ತು ಮುರಿಯುತ್ತಾ. ಕಾಫಿ ಮಾತ್ರ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಹೇಳಿದರು.

ಎರಡನೆಯದು ಹಳೆಯ ಟೈರ್ ಗೋದಾಮಿನಲ್ಲಿತ್ತು. ರಬ್ಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಗಾಳಿ ಶುದ್ಧ ಮಾಡುವವರ ಮನೆಯಲ್ಲೇ ಹೀಗಾ ಎಂದು ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಂಪನಿ ಅಂದರೆ ಒಬ್ಬಳು ಎಂಜಿನಿಯರ್, ಅವಳ ಜೊತೆ ಕೆಲವೇ ಜನ. ಎಂಜಿನಿಯರ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡೇ ಬಂದಳು. ಬೀರುವಿನಷ್ಟು ಎತ್ತರದ ಯಂತ್ರವೊಂದು ಗೋಡೆಗೆ ಒರಗಿ ನಿಂತಿತ್ತು. ಅದನ್ನು ಗಾಜಿನ ಕೋಣೆಯೊಂದಕ್ಕೆ ತಳ್ಳಿ, ಒಳಗೆ ಹೊಗೆ ತುಂಬಿಸಿ, ಯಂತ್ರ ಚಾಲೂ ಮಾಡಿದಳು. ಆಚೆ ಬದಿಯ ಗೋಡೆಯ ಮೇಲಿನ ಕ್ಯಾಲೆಂಡರ್ ಮೊದಲು ಕಾಣದೆ, ಆಮೇಲೆ ಮಂಜುಮಂಜಾಗಿ, ಆಮೇಲೆ ಅಕ್ಷರ ಓದುವಷ್ಟು ಸ್ಪಷ್ಟವಾಗಿ ಕಂಡಿತು.

“ದೋಷ ಏನೇನಿದೆಯಮ್ಮ?” ಮಾವ ತಮ್ಮ ಹಳೆಯ ಪ್ರಶ್ನೆ ತೆಗೆದರು.

ಅವಳು ಬೆರಳು ಮಡಚತೊಡಗಿದಳು. “ಸೋಸೋ ಪದರ ಬೇಗ ಕೊಳೆಯಾಗುತ್ತೆ. ಹೊಸದು ಹಾಕಬೇಕಂದ್ರೆ ಆಸ್ಪತ್ರೆಯವರು ಮುಖ ಸಿಂಡರಿಸ್ತಾರೆ. ಭಾರ ಜಾಸ್ತಿ. ಸದ್ದಿದೆ. ಬಾಗಿಲು ಹಾರುಹೊಡೆದಿದ್ರೆ ಪೂರ್ತಿ ಕೆಲಸ ಮಾಡಲ್ಲ. ಖಾಲಿ ಕೋಣೇಲಿ ಪರೀಕ್ಷೆ ಮಾಡಿದ್ದೀವಿ, ಜನ ತುಂಬಿರೋ ವಾರ್ಡಲ್ಲಿ ಇನ್ನೂ ಇಲ್ಲ. ಆಮೇಲೆ...”

“ಸಾಕಮ್ಮ, ಸಾಕು,” ಅಂದರು ಮಾವ. ಸಾಲ ಕೇಳಲು ಬಂದವರಲ್ಲಿ ಹೀಗೆ ಬೆರಳು ಸಾಲದಷ್ಟು ದೋಷ ಎಣಿಸಿದವರನ್ನು ಅವರು ಕಂಡೇ ಇರಲಿಲ್ಲ. ಅವರ ಮುಖ ಅರಳಿತ್ತು. ಅತ್ತೆ ಅದನ್ನು ಕಂಡು, ಇನ್ನು ಈ ಮನುಷ್ಯನನ್ನು ಹಿಡಿಯುವುದು ಆಗದ ಮಾತು ಎಂದುಕೊಂಡರು.

ಹಾಗೆ ಮಾವ ಪಾಲುದಾರರಾದರು. ಎಲ್ಲವನ್ನೂ ಹಾಕಬೇಡಿ, ಹೋದರೆ ಹೋಯಿತು ಅನ್ನುವಷ್ಟು ಮಾತ್ರ ಹಾಕಿ ಎಂದು ಅತ್ತೆ ಗೆರೆ ಎಳೆದಿದ್ದರು. ಮಾವ ಗೆರೆ ದಾಟಲಿಲ್ಲ. ಆದರೆ ಮಾತು ದಾಟಿತು. “ನಮ್ಮ ಕಂಪನಿ”, “ನಮ್ಮ ಯಂತ್ರ” ಎಂದು ಹಾಲಿನವನ ಹತ್ತಿರವೂ ಶುರುವಾಯಿತು. ಯಾರಾದರೂ ಕೆಮ್ಮಿದರೆ ಸಾಕು, ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ನೆಂಟರು ಅವರ ಮನೆಯಲ್ಲಿ ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರತೊಡಗಿದರು.

ಅಷ್ಟರಲ್ಲಿ ಒಂದು ಆಸ್ಪತ್ರೆ ಪುರುಷರ ವಾರ್ಡಿನಲ್ಲಿ ಯಂತ್ರವನ್ನು ಇಟ್ಟು ನೋಡಲು ಒಪ್ಪಿತು. ಮಾವ ದಿನವೂ ರೋಗಿಗಳನ್ನು ನೋಡಲು ಬಿಡುವ ವೇಳೆಗೆ ಅಲ್ಲಿ ಹಾಜರು. ಹೆಡ್ ನರ್ಸ್ ಒಂದು ದಿನ ತಡೆದು ಕೇಳಿದಳು: “ತಾತ, ಯಾರನ್ನ ನೋಡೋಕೆ ಬರ್ತೀರಿ ನೀವು?”

ಮಾವ ಯಂತ್ರದ ಕಡೆ ಬೊಟ್ಟು ಮಾಡಿದರು.

“ಅದಕ್ಕೆ ಹುಷಾರಿಲ್ವಾ?”

“ಹುಷಾರಾಗಿದೆ. ಸುಮ್ಮನೆ ಮಾತಾಡಿಸ್ಕೊಂಡು ಹೋಗೋಣ ಅಂತ.”

ಹಾಗೆಂದವರು ದೂರದಿಂದ ಹೇಗೆ ಕಾಣುತ್ತದೆ ನೋಡೋಣ ಎಂದು ಹಿಂದಕ್ಕೆ ಒಂದೊಂದೇ ಹೆಜ್ಜೆ ಸರಿದರು. ಹಿಂದೆ ನೆಲ ಒರೆಸುವ ಬಕೆಟ್ ಇತ್ತು. ನೀರು ಒಂದು ಕಡೆ, ಕನ್ನಡಕ ಒಂದು ಕಡೆ, ಮಾವ ಒಂದು ಕಡೆ ಆದರು. ಕಾಲು ಮುರಿದಿತ್ತು. ಆಸ್ಪತ್ರೆಯ ಒಳಗೇ ಬಿದ್ದದ್ದರಿಂದ ಆಂಬುಲೆನ್ಸ್ ಖರ್ಚು ಉಳಿಯಿತು ಎಂದು ಅತ್ತೆ ಆಮೇಲೆ ಎಲ್ಲರಿಗೂ ಹೇಳಿದರು. ಪಟ್ಟಿ ಹಾಕಿ ಅದೇ ವಾರ್ಡಿಗೆ ಸೇರಿಸಿದರು. ಖಾಲಿ ಇದ್ದದ್ದು ಯಂತ್ರದ ಪಕ್ಕದ ಹಾಸಿಗೆ. ಯಾಕೆ ಖಾಲಿ ಇತ್ತು ಅನ್ನುವುದು ಮಾವನಿಗೆ ಆ ಸಂಜೆಯೊಳಗೇ ತಿಳಿಯಿತು.

ಯಂತ್ರ ಗುಂಯ್ ಎನ್ನುತ್ತಿತ್ತು. ಸುಮ್ಮನೆ ಗುಂಯ್ ಅಂದಿದ್ದರೆ ಅಭ್ಯಾಸವಾಗುತ್ತಿತ್ತೇನೋ. ನಡುನಡುವೆ ಏನೋ ಮರೆತು ನೆನಪಾದ ಹಾಗೆ ಒಂದು ಕಟಕಟ. ಇನ್ನೇನು ಕಣ್ಣು ಮುಚ್ಚಬೇಕು, ಕಟಕಟ. ಎದುರು ಹಾಸಿಗೆಯಲ್ಲಿ ಭುಜದ ಮೂಳೆ ಮುರಿದುಕೊಂಡ ಲಾರಿ ಡ್ರೈವರ್ ಇದ್ದ. ಅವನು ಬೆಳಗಾದರೆ ಯಂತ್ರಕ್ಕೆ ಸುಪ್ರಭಾತ ಶುರು ಮಾಡುತ್ತಿದ್ದ.

“ನನ್ನ ಲಾರಿ ಇಂಜಿನ್ ಹೀಗೆ ಸದ್ದು ಮಾಡಿದ್ರೆ ಗುಜರಿಗೆ ಹಾಕ್ತಿದ್ದೆ. ಯಜಮಾನ್ರೇ, ನಿಮಗೆ ಪಕ್ಕದಲ್ಲೇ ಇದೆ, ಹೆಂಗೆ ತಡ್ಕೊಂಡಿದ್ದೀರಿ?”

“ಒಂಥರಾ... ಜೋಗುಳದ ಹಾಗಿದೆ,” ಅಂದರು ಮಾವ. ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು.

“ಯಾವ ಪುಣ್ಯಾತ್ಮ ಇದಕ್ಕೆ ದುಡ್ಡು ಹಾಕಿದ್ದಾನೋ! ಸಿಗಲಿ, ಇನ್ನೊಂದು ಭುಜ ಗಟ್ಟಿಯಾಗೇ ಇದೆ.”

ಮಾವ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. ಆ ಹೊತ್ತಿಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಒಳಗೆ ಬಂದಿದ್ದ ಅತ್ತೆ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದರು.

“ಹುಡುಕೋಕೆ ದೂರ ಹೋಗಬೇಡಪ್ಪ,” ಅಂದರು. “ಪುಣ್ಯಾತ್ಮರು ಇಲ್ಲೇ ಮಲಗಿದ್ದಾರೆ. ಪಾಲುದಾರರು ಅಂದ್ರೆ ಹೀಗಿರಬೇಕು ನೋಡು, ಕಾಲು ಮುರ್ಕೊಂಡು ಬಂದು ಕಾವಲು ಕಾಯ್ತಿದ್ದಾರೆ.”

ಇಡೀ ವಾರ್ಡು ನಕ್ಕಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ನಗು ತಡೆಯಲಾರದೆ ಹೊಲಿಗೆ ಹಿಡಿದುಕೊಂಡರು. ಡ್ರೈವರ್ ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡು, “ಗಾಳಿ ಮಾತ್ರ ಚೆನ್ನಾಗಿದೆ ಯಜಮಾನ್ರೇ, ಔಷಧಿ ವಾಸನೆ ಬರಲ್ಲ,” ಎಂದು ಸಮಾಧಾನ ಹೇಳಿದ.

ಮಾರನೆಯ ದಿನ ಊಟವಾಗಿ ವಾರ್ಡು ತೂಕಡಿಸುತ್ತಿತ್ತು. ಮಾವನಿಗೆ ಕಣ್ಣು ಎಳೆಯುತ್ತಿತ್ತು, ಕಟಕಟ ಎಬ್ಬಿಸುತ್ತಿತ್ತು. ಅತ್ತ ಇತ್ತ ನೋಡಿದರು. ನರ್ಸ್ ಇಲ್ಲ. ಮಂಚಕ್ಕೆ ಒರಗಿಸಿದ್ದ ಊರುಗೋಲನ್ನು ಮೆಲ್ಲಗೆ ಎತ್ತಿ, ಅದರ ತುದಿಯನ್ನು ಗೋಡೆಯ ಸ್ವಿಚ್ಚಿಗೆ ಗುರಿ ಹಿಡಿದು ಒತ್ತಿದರು. ಗುಂಯ್ ನಿಂತಿತು. ಡ್ರೈವರ್ ಒಂದು ಕಣ್ಣು ತೆರೆದು, “ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ,” ಅಂದು ಮತ್ತೆ ಮುಚ್ಚಿದ. ಮಾವನ ಬೆನ್ನು ಇನ್ನೂ ದಿಂಬಿಗೆ ತಾಗಿರಲಿಲ್ಲ, ಬಾಗಿಲಲ್ಲಿ ಎಂಜಿನಿಯರ್ ನಿಂತಿದ್ದಳು. ಊರುಗೋಲು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

“ಸರ್?”

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಬಾಮ್ಮ, ಕೂತ್ಕೋ. ನಿನ್ನ ಯಂತ್ರ ಗಾಳಿ ಸೋಸುತ್ತೆ, ಒಪ್ಕೊಂಡೆ. ಆದ್ರೆ ನಿದ್ದೆ ಕೆಡಿಸುತ್ತೆ. ನಿದ್ದೆ ಕೆಟ್ಟೋನು ಆಫ್ ಮಾಡ್ತಾನೆ. ದುಡ್ಡು ಹಾಕಿರೋ ನಾನೇ ಆಫ್ ಮಾಡಿದ್ದೀನಿ ಅಂದ್ಮೇಲೆ ಬೇರೆಯವರು ಬಿಡ್ತಾರಾ?”

ಅವಳು ಕೋಪಿಸಿಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು ಕೇಳಿದಳು: “ಎಷ್ಟು ಜನ ಆಫ್ ಮಾಡ್ತಾರೆ ಸರ್?”

ವಾರ್ಡಿನಲ್ಲಿ ಮಲಗಿದ್ದವರ ಕೈಗಳು ಒಂದೊಂದಾಗಿ ಮೇಲೆದ್ದವು. ಬ್ಯಾಂಡೇಜಿನ ಕೈ, ಸಲೈನ್ ಸೂಜಿ ಚುಚ್ಚಿದ ಕೈ, ಡ್ರೈವರನ ಒಳ್ಳೆಯ ಕೈ. ಅಷ್ಟರಲ್ಲಿ ಬಂದ ಹೆಡ್ ನರ್ಸ್ ಕೂಡ, ಯಾರೂ ಕೇಳದಿದ್ದರೂ, ಅರ್ಧ ಕೈ ಎತ್ತಿದಳು. “ಫೋನಲ್ಲಿ ಡಾಕ್ಟರ ಮಾತು ಕೇಳಿಸಬೇಕಲ್ಲ,” ಅಂದಳು.

ಎಂಜಿನಿಯರ್ ಎದ್ದು ಯಂತ್ರವನ್ನು ಮತ್ತೆ ಹಾಕಿದಳು. ಆ ಬೆಳಗ್ಗೆ ಮನೆಗೆ ಹೋದವನೊಬ್ಬನ ಹಾಸಿಗೆ ಖಾಲಿಯಿತ್ತು. ನರ್ಸಿನ ಅಪ್ಪಣೆ ಕೇಳಿ, ಚಪ್ಪಲಿ ಬಿಟ್ಟು, ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡಳು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯುವವರೆಗೂ ಮಲಗಿಯೇ ಇದ್ದಳು. ಎದ್ದಾಗ ಅವಳ ಕಣ್ಣೂ ಕೆಂಪು.

“ಗೋದಾಮಲ್ಲಿ ನಾವು ನಿಂತ್ಕೊಂಡು ಕೇಳ್ತಿದ್ವಿ ಸರ್,” ಅಂದಳು. “ಯಾರೂ ಮಲಗಿ ಕೇಳಿರಲಿಲ್ಲ.”

ಅಲ್ಲಿಂದ ಮುಂದಿನದು ಸುಲಭವಾಗಿರಲಿಲ್ಲ. ಯಂತ್ರವನ್ನು ಗೋದಾಮಿಗೆ ವಾಪಸ್ ಒಯ್ದರು. ಕಟಕಟ ಬರುತ್ತಿದ್ದದ್ದು ತಗಡಿನ ಮೈ ಗೋಡೆಗೆ ತಾಗಿ ಅದುರುವುದರಿಂದ. ಅದನ್ನು ಸರಿಪಡಿಸುವುದು ಬೇಗ ಆಯಿತು. ಗುಂಯ್ ಮಾತ್ರ ಹಟಮಾರಿ. ಸದ್ದು ಇಳಿಸಿದರೆ ಗಾಳಿ ಸೋಸುವುದು ಇಳಿಯುತ್ತಿತ್ತು, ಸೋಸುವುದು ಏರಿಸಿದರೆ ಸದ್ದು ಏರುತ್ತಿತ್ತು. ಫ್ಯಾನಿನ ರೆಕ್ಕೆಗಳನ್ನು ಕಳಚಿ, ಬೇರೆ ಆಕಾರದಲ್ಲಿ ಮಾಡಿಸಿ, ಮತ್ತೆ ಕಳಚಿದರು. ನಡುವೆ ಗೋದಾಮಿನ ಬಾಡಿಗೆಗೂ ತತ್ವಾರವಾಗಿ, ಇಬ್ಬರು ಪಾಲುದಾರರು ಕೈ ತೊಳೆದುಕೊಂಡು ಹೋದರು. ನೆಂಟರು ಮಾವನನ್ನು ಕಂಡಾಗ ಮೂಗು ಹಿಡಿದು, “ಗಾಳಿ ಹೇಗಿದೆ ಮಾವ?” ಎಂದು ಕೇಳತೊಡಗಿದರು. ಮಾವ ನಗುತ್ತಿದ್ದರು, ಮನೆಗೆ ಬಂದು ಪಾಲಿನ ಕಾಗದ ತೆಗೆದು ತಿರುವಿ ಹಾಕುತ್ತಿದ್ದರು.

“ನೀವೂ ಬಿಟ್ಟು ಬರ್ತೀರಾ?” ಎಂದು ಅತ್ತೆ ಒಂದು ಸಂಜೆ ಕೇಳಿದರು.

“ಆ ಹುಡುಗಿ ಯಾವ ದೋಷವನ್ನೂ ಮುಚ್ಚಿಡಲಿಲ್ಲ ಕಣೇ. ಸದ್ದಿದೆ ಅಂತ ಮೊದಲೇ ಹೇಳಿದ್ದಳು. ಕೇಳಿಸಿಕೊಳ್ಳದೆ ಹೋದವನು ನಾನು.”

“ಹಾಗಾದ್ರೆ ಇರಲಿ ಬಿಡಿ,” ಅಂದು ಅತ್ತೆ, ಮಾರನೆಯ ದಿನದಿಂದ ಗೋದಾಮಿಗೆ ಅವರ ಜೊತೆ ತಾವೂ ಹೊರಟರು. ಮಂಚವೊಂದನ್ನು ಯಂತ್ರದ ಪಕ್ಕಕ್ಕೆ ಹಾಕಿಸಿ, ಪ್ರತಿ ಸಲ ರೆಕ್ಕೆ ಬದಲಾಯಿಸಿದಾಗಲೂ ಅದರ ಮೇಲೆ ಮಲಗಿ ತೀರ್ಪು ಕೊಡುವುದು ಅವರ ಕೆಲಸವಾಯಿತು. “ಇದು ಜೇನುಹುಳ.” “ಇದು ನಮ್ಮಣ್ಣನ ಗಿರಣಿ.” “ಇದು ಇವರ ಗೊರಕೆ, ಬೇಡವೇ ಬೇಡ.” ಒಂದು ಮಧ್ಯಾಹ್ನ ಅವರಿಂದ ಮಾತೇ ಬರಲಿಲ್ಲ. ಎಂಜಿನಿಯರ್ ಬಗ್ಗಿ ನೋಡಿದರೆ ಬಾಯಿ ತುಸು ತೆರೆದುಕೊಂಡು ಗಾಢ ನಿದ್ದೆ. ಯಾರೂ ಎಬ್ಬಿಸಲಿಲ್ಲ. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಆ ಎದೆ ಸರಾಗವಾಗಿ ಏರಿಳಿಯುವುದನ್ನು ನೋಡುತ್ತಾ, ಅವರಾಗಿಯೇ ಏಳುವವರೆಗೂ ಕೂತರು.

ಆ ಆಸ್ಪತ್ರೆ ಹೊಸ ಯಂತ್ರವನ್ನು ತೆಗೆದುಕೊಂಡಿತು, ಆಮೇಲೆ ಮಹಿಳೆಯರ ವಾರ್ಡಿಗೂ ಒಂದು ಕೇಳಿತು. ಈಗ ಯಾರೂ ಆಫ್ ಮಾಡುವುದಿಲ್ಲ, ಹೊಸ ಕೆಮ್ಮು ಕಡಿಮೆಯಾದ ಹಾಗಿದೆ ಎಂದು ಹೆಡ್ ನರ್ಸ್ ಹೇಳಿದಳು. ಅದು ಯಂತ್ರದಿಂದಲೇ ಎಂದು ಹೇಳಲು ಇನ್ನೂ ಕಾಲ ಬೇಕು ಎಂದಳು ಎಂಜಿನಿಯರ್. ಪಾಲುದಾರರ ಸಭೆಯಲ್ಲೂ ಅದನ್ನೇ ಹೇಳಿದಳು. ಸಭೆ ಅಂದರೆ ಗೋದಾಮಿನಲ್ಲಿ ಹತ್ತಿಪ್ಪತ್ತು ಕುರ್ಚಿ.

“ಹಾಗಾದ್ರೆ ಈ ವರ್ಷ ನಮಗೆ ಲಾಭ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಈ ವರ್ಷ ಕಾಫಿ,” ಅಂದಳು ಅವಳು, ಅತ್ತೆಯ ಕಡೆ ನೋಡುತ್ತಾ. “ಅದೂ ಗಾಜಿನ ಬಾಗಿಲಿನವರ ಕಾಫಿಯಷ್ಟು ಚೆನ್ನಾಗಿಲ್ಲ ಅಂತ ಅಮ್ಮ ಹೇಳಿದ್ದಾರೆ.”

ಸಭೆ ಮುಗಿಸಿ ಹೊರಗೆ ಬಂದರೆ ಲಾರಿ ಡ್ರೈವರ್ ನಿಂತಿದ್ದ. ಭುಜ ನೆಟ್ಟಗಾದ ಮೇಲೆ ಕಂಪನಿಯ ಯಂತ್ರ ಸಾಗಿಸುವ ಬಾಡಿಗೆ ಅವನದೇ ಆಗಿತ್ತು. ಮೂರನೆಯ ಯಂತ್ರವನ್ನು ಹಗ್ಗ ಬಿಗಿದು ಏರಿಸಿದ್ದ. “ಬನ್ನಿ ಯಜಮಾನ್ರೇ, ನಿಮ್ಮ ಮನೆ ದಾರೀಲೇ ಹೋಗೋದು,” ಅಂದ.

ಅತ್ತೆ ಸರಸರನೆ ಹತ್ತಿ ಕಿಟಕಿಯ ಪಕ್ಕ ಹಿಡಿದುಬಿಟ್ಟರು. ಮಾವ ನಡುವೆ, ಇನ್ನೂ ಪೂರ್ತಿ ಮಡಚಲು ಬಾರದ ಕಾಲನ್ನು ಗೇರ್ ಕಡ್ಡಿಯ ಆಚೆ ಚಾಚಿ, ಹೇಗೋ ತುರುಕಿಕೊಂಡರು. ಲಾರಿ ಹೊರಟಿತು. ಅತ್ತೆ ಗಾಜು ಇಳಿಸಿದರು. ರಸ್ತೆಯ ಧೂಳು, ಮುಂದಿನ ಬಸ್ಸಿನ ಹೊಗೆ, ಯಾರೋ ಗುಡಿಸಿ ಹಾಕಿದ ಒಣ ಎಲೆ, ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು. ಮಾವ ಸಾಲಾಗಿ ಸೀನಿದರು.

“ಕಿಟಕಿ ಮುಚ್ಚೇ!”

“ಸೆಕೆ ರೀ, ಸ್ವಲ್ಪ ಗಾಳಿ ಬರಲಿ ಬಿಡಿ,” ಅನ್ನುತ್ತಾ ಅತ್ತೆ ಮುಖವನ್ನು ಇನ್ನಷ್ಟು ಹೊರಗೆ ಚಾಚಿದರು. ಡ್ರೈವರ್ ನಕ್ಕು ಹಾರ್ನ್ ಒತ್ತಿದ.